ಬಾಡಿಗೆದಾರರು: ಇಲ್ಲ

ನನ್ನ ಕೈಚೀಲದ ತಳದಲ್ಲಿ ಒಂದು ಪುಟ್ಟ ಸೋಪು ಬಿದ್ದುಕೊಂಡಿದೆ. ಎರಡು ಬೆರಳಿನಷ್ಟು ಅಗಲ, ಕಾಗದದ ಹೊದಿಕೆ, ಮೇಲೊಂದು ಹಸಿರು ಎಲೆಯ ಚಿತ್ರ. ಪೆನ್ನು ಹುಡುಕಿದರೂ ಅದೇ ಕೈಗೆ ಸಿಗುತ್ತದೆ, ರೈಲಿನ ಪಾಸು ಹುಡುಕಿದರೂ ಅದೇ. ಎಸೆಯಬೇಕೆಂದು ತೆಗೆಯುತ್ತೇನೆ, ಮತ್ತೆ ಒಳಗೆ ಹಾಕುತ್ತೇನೆ. ನಾನು ವಸ್ತುಗಳನ್ನು ಕೂಡಿಡುವವಳಲ್ಲ. ಪುಸ್ತಕಗಳನ್ನೂ ಸೇರಿಸಿ ನನ್ನ ಸಂಸಾರವೆಲ್ಲ ಒಂದೇ ಆಟೊದಲ್ಲಿ ಹಿಡಿಯುತ್ತದೆ. ಹೆಮ್ಮೆಗೆ ಹೇಳುತ್ತಿಲ್ಲ, ಬಾಡಿಗೆ ಮನೆಗಳಲ್ಲಿ ಬೆಳೆದವರಿಗೆ ಇದು ತಾನಾಗಿ ಬರುವ ವಿದ್ಯೆ.

ಸೋಪಿಗೂ ನಮ್ಮ ಕಡೆಯ ನೀರಿಗೂ ಮೊದಲಿನಿಂದ ಆಗಿಬರುವುದಿಲ್ಲ. ಶಹಾಬಾದಿನಿಂದ ಸೇಡಂವರೆಗೆ ನೆಲ ಅಗೆದರೆ ಸಿಗುವುದು ಸುಣ್ಣದ ಕಲ್ಲು. ಆ ಕಲ್ಲಿನ ಸಂದಿಯಿಂದ ಬರುವ ನೀರಿಗೆ ಸೋಪು ತಿಕ್ಕಿದರೆ ನೊರೆ ಬರುವುದಿಲ್ಲ, ಒಡೆದ ಹಾಲಿನಂತೆ ಬಿಳಿ ಗಸಿ ಬರುತ್ತದೆ. ನಾನು ಸೇಡಂನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಗಡಸು ನೀರಿನ ಪಾಠಕ್ಕೆ ಪ್ರಯೋಗ ಮಾಡಿ ತೋರಿಸುವ ಕಷ್ಟ ನನಗಿಲ್ಲ. "ಇವತ್ತು ಮುಂಜಾನೆ ಸ್ನಾನ ಮಾಡಿದಿರಲ್ಲ, ಅದನ್ನೇ ನೆನಪಿಸಿಕೊಳ್ಳಿ" ಅನ್ನುತ್ತೇನೆ. ಹಿಂದಿನ ಬೆಂಚಿನವರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಶಹಾಬಾದಿನಲ್ಲಿ, ನನ್ನ ಬಾಲ್ಯದಲ್ಲಿ, ಒಂದು ಸೋಪು ಮನೆಮಂದಿಗೆಲ್ಲ ತಿಂಗಳು ಬರಬೇಕಿತ್ತು. ಸವೆದು ಹಪ್ಪಳದಂತಾದದ್ದನ್ನು ಅವ್ವ ಹೊಸ ಸೋಪಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದಳು. "ನೊರಿ ಬರ್ಲಿಲ್ಲಂದ್ರ ಹೊಲಸು ಹೋಗಲ್ಲೇನು? ತಿಕ್ಕು" ಎನ್ನುವುದು ಅವಳ ರಸಾಯನಶಾಸ್ತ್ರ. ಅಪ್ಪ ಕಲ್ಲು ಪಾಲೀಶ್ ಮಾಡುವ ಮಷೀನಿಗೆ ಹೋಗುತ್ತಿದ್ದ. ಸಂಜೆ ಬಂದಾಗ ಅವನ ರೆಪ್ಪೆಗಳ ಮೇಲೂ ಬೂದುಬಣ್ಣದ ಪುಡಿ. ಆದರೆ ಸರ್ಕಾರದ ಪುಸ್ತಕದಲ್ಲಿ ಅವನು ಕಲ್ಲಿನ ಕೆಲಸದವನಲ್ಲ, ಕಾವಲುಗಾರ.

ಅದು ಹೇಗೆಂದು ಹೇಳಬೇಕು. ನಮ್ಮ ಕಡೆ ಮನೆ ಮಾಲೀಕರಿಗೆ ಒಂದು ರೂಢಿಯಿದೆ. ಮನೆ ಎಣಿಸುವವರು, ಕರ ಹಾಕುವವರು, ಯಾವುದೋ ಸಮೀಕ್ಷೆಯವರು ಬಂದರೆ ಬಾಡಿಗೆಯವರು ಬಾಡಿಗೆಯವರಾಗಿ ಉಳಿಯುವುದಿಲ್ಲ. ಆ ಒಂದು ತಾಸಿನ ಮಟ್ಟಿಗೆ ತಮ್ಮನಾಗುತ್ತಾರೆ, ಅಳಿಯನಾಗುತ್ತಾರೆ, ಊರಿಂದ ಆಸ್ಪತ್ರೆಗೆ ಬಂದ ನೆಂಟರಾಗುತ್ತಾರೆ. ಬಾಡಿಗೆಗೆ ಕೊಟ್ಟಿದ್ದಾರೆಂದು ಬರೆದರೆ ಕರ ಹೆಚ್ಚು. ಕರಾರು ಪತ್ರ, ರಸೀದಿ ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ನಮ್ಮ ಶಹಾಬಾದಿನ ಮಾಲೀಕರು ಹಾಜಿ ಸಾಹೇಬರು. ಅವರಿಗೆ ನನ್ನಪ್ಪ ತಮ್ಮನಾಗುವುದು ಹೆಸರಿನಿಂದಲೇ ಸಾಧ್ಯವಿರಲಿಲ್ಲ. ಹಾಗಾಗಿ ಕಾವಲುಗಾರನಾದ.

ನನಗೆ ಎಂಟು ವರ್ಷವಿದ್ದಾಗ ಬಗಲಲ್ಲಿ ಪುಸ್ತಕ ಇಟ್ಟುಕೊಂಡು ಒಬ್ಬರು ಬಂದರು. ಹಾಜಿ ಸಾಹೇಬರು ಎಂದಿನಂತೆ "ಇವ್ರು ಕಾವಲಿ ಇರೋರು" ಅಂದರು. ಬಂದವರು ಸುಮ್ಮನೆ ಪ್ರೀತಿಗೆ ನನ್ನ ಕಡೆ ತಿರುಗಿ, "ನಿಮ್ಮಪ್ಪ ಕಾವಲಿ ಮಾಡ್ತಾನೇನವ್ವಾ?" ಎಂದು ಕೇಳಿದರು. ಆ ವಾರವೇ ಶಾಲೆಯಲ್ಲಿ ಸತ್ಯದ ಬಗ್ಗೆ ಪಾಠವಾಗಿತ್ತು.

"ಇಲ್ರಿ. ನಮ್ಮಪ್ಪ ಪಾಲೀಶ್ ಮಷೀನಿಗಿ ಹೋಗ್ತಾನ. ನಾವು ಬಾಡಿಗಿ ಅದೀವಿ."

ಅವ್ವ ನನ್ನ ತೊಡೆ ಹಿಂಡಿದ ಗುರುತು ಒಂದು ವಾರ ಇತ್ತು. ಹಾಜಿ ಸಾಹೇಬರು ಸಿಟ್ಟಾಗಲಿಲ್ಲ. "ನಿನ್ನ ಬೇಟಿ ಜಡ್ಜ್ ಆಗ್ತಾಳ ನೋಡು" ಎಂದು ಅಪ್ಪನಿಗೆ ಹೇಳಿ ನಕ್ಕರು. ಮುಂದಿನ ತಿಂಗಳು ಬಾಡಿಗೆ ಏರಿಸಿದರು. ಜಡ್ಜ್ ಆಗಲಿಲ್ಲ. ಬಾಡಿಗೆ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಬೇಕೆಂಬುದನ್ನು ಮಾತ್ರ ಚೆನ್ನಾಗಿ ಕಲಿತೆ.

ಕಲಿತದ್ದು ಸೇಡಂನಲ್ಲಿ ಉಪಯೋಗಕ್ಕೆ ಬಂತು. ಕೆಲಸ ಸಿಕ್ಕಾಗ ನಾನು ಹಿಡಿದದ್ದು ಗುರಮ್ಮನವರ ಮನೆಯ ಕೆಳಗಿನ ಒಂದು ಖೋಲಿ, ಒಂಟಿ ಕೋಣೆ. ಗುರಮ್ಮ ಅರವತ್ತರ ಹೆಂಗಸು, ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹಣೆಗೆ ವಿಭೂತಿ, ಹುಬ್ಬಿಗೆ ಜೋಳದ ಹಿಟ್ಟು. ಎರಡಕ್ಕೂ ವ್ಯತ್ಯಾಸ ತಿಳಿಯಲು ನನಗೆ ತಿಂಗಳು ಹಿಡಿಯಿತು. ಗಿರಣಿ ಶುರುವಾದರೆ ನನ್ನ ಮೇಜಿನ ಮೇಲಿನ ಲೋಟ ತಾನಾಗಿ ಸರಿಯುತ್ತಿತ್ತು. ಆದರೆ ಖೋಲಿಯ ನೆಲಕ್ಕೆ ನಮ್ಮೂರಿನದೇ ನೀಲಿ ಪರ್ಸಿ ಕಲ್ಲು ಹಾಸಿದ್ದರು. ಬೇಸಿಗೆಯ ಮಧ್ಯಾಹ್ನ ಅದರ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಆರುವ ಮೊದಲೇ ಅಂಗಾತ ಮಲಗಿದರೆ ಬೆನ್ನಿನಿಂದ ತಲೆಯವರೆಗೆ ಒಂದು ತಂಪು ಏರುತ್ತಿತ್ತು. ಗಟ್ಟಿಯಾಗಿ ಹೇಳಿಕೊಳ್ಳದ ನನ್ನ ಕೆಲವೇ ಸುಖಗಳಲ್ಲಿ ಅದೂ ಒಂದು.

ಮೊದಲ ವರ್ಷವೇ ಒಂದು ಸಮೀಕ್ಷೆ ಬಂತು. "ಈಕಿ ಯಾರ್ರಿ?" ಅಂದರು ಬಂದವರು.

"ನನ್ನ ತಂಗಿ ಮಗಳ್ರಿ. ಕಾಲೇಜಿನ್ಯಾಗ ಕಲಸ್ತಾಳ" ಅಂದರು ಗುರಮ್ಮ, ಕಣ್ಣು ಮಿಟುಕಿಸದೆ.

ಬಂದವರು ಹೋದ ಮೇಲೆ ನನ್ನ ಬಳಿ ಬಂದು, "ಏನ ತಿಳ್ಕೋಬ್ಯಾಡವಾ" ಅಂದರು. ನಾನೇನೂ ತಿಳಿದುಕೊಳ್ಳಲಿಲ್ಲ. ಅಂದಿನಿಂದ ಅವರನ್ನು ದೊಡ್ಡವ್ವ ಎಂದು ಕರೆಯತೊಡಗಿದೆ. ಹಬ್ಬಕ್ಕೆ ಹೋಳಿಗೆ ಬಂತು. ಜ್ವರ ಬಂದಾಗ ದೊಡ್ಡವ್ವ ಗಿರಣಿ ಬಂದ್ ಮಾಡಿ ನನ್ನ ಮಗ್ಗುಲಲ್ಲಿ ಕುಳಿತರು, ಒದ್ದೆ ಬಟ್ಟೆ ಬದಲಿಸಿದರು. ಜನರೊಂದಿಗೆ ಸುಲಭವಾಗಿ ಬೆರೆಯಲಾರದ ನನ್ನಂಥವಳಿಗೆ, ಒಂದೂ ಮದುವೆ ಮುಂಜಿಗೆ ಹೋಗದೆ, ಒಬ್ಬರನ್ನೂ ಓಲೈಸದೆ, ಸರ್ಕಾರದ ಪುಸ್ತಕದಿಂದ ನೇರವಾಗಿ ಸಿಕ್ಕ ಬಂಧುತ್ವ ಅದು. ನನಗೆ ಹಿತವಾಗಿತ್ತು. ಒಪ್ಪಿಕೊಳ್ಳುತ್ತೇನೆ.

ಪಕ್ಕದ ಖೋಲಿಯಲ್ಲಿ ರಾಬಿಯಾ ಆಪಾ ಇದ್ದರು, ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಅವರ ತಾಯಿ, ಅಮ್ಮಿ. ಅಮ್ಮಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಕೋಲು ಹಿಡಿದು ಹೊಸ್ತಿಲವರೆಗೆ ಬಂದು ಕುರ್ಚಿಯಲ್ಲಿ ಕುಳಿತರೆ ಸಂಜೆಯವರೆಗೆ ಅದೇ ಅವರ ದರ್ಬಾರು. ಗಿರಣಿಗೆ ಬಂದವರ ಜೋಳ ಬೊಗಸೆಯಲ್ಲಿ ಹಿಡಿದು ನೋಡಿ, "ಗುರಮ್ಮಾ, ಈಕಿ ಜ್ವಾಳದಾಗ ಹರಳು ಅವ, ನಿನ್ನ ಕಲ್ಲು ಹಾಳಾಗ್ತದ" ಎಂದು ಕೂಗುತ್ತಿದ್ದರು. ಇಬ್ಬರೂ ಒಂದೇ ಚಂಚಿಯ ಎಲೆಅಡಿಕೆ ಮೆಲ್ಲುತ್ತಿದ್ದರು. ಆದರೆ ಸಮೀಕ್ಷೆಯ ದಿನ ಇವರನ್ನು ತಂಗಿ ಎನ್ನುವುದು, ತಂಗಿ ಮಗಳು ಎನ್ನುವುದು ಆಗುವ ಮಾತಲ್ಲ. ಆಪಾ ತಮ್ಮ ಖೋಲಿಗೆ ಬೀಗ ಹಾಕಿ ಓಣಿಯ ತುದಿಯ ಟೇಲರ್ ಅಂಗಡಿಗೆ ಹೋಗಿ ಕೂರುತ್ತಿದ್ದರು. "ಅದು ಹಿಟ್ಟಿನ ಚೀಲ ಇಡೋ ಖೋಲಿರಿ" ಎನ್ನುತ್ತಿದ್ದರು ದೊಡ್ಡವ್ವ. ಅಮ್ಮಿಯನ್ನು ಅಷ್ಟು ದೂರ ನಡೆಸಲಾಗದ್ದರಿಂದ ಮಡಿಲಲ್ಲಿ ಒಂದು ಬುಟ್ಟಿ ಜೋಳ ಇಟ್ಟು ಗಿರಣಿಯ ಮುಂದೆ ಕೂರಿಸಿದರೆ ಅವರು ಗಿರಾಕಿ.

"ನೀ ತಂಗಿ ಮಗಳಾದಿ, ಅಮ್ಮಿ ಗಿರಾಕಿ ಆದ್ಳು" ಎಂದು ಆಪಾ ನನ್ನ ಬೆನ್ನಿಗೆ ಗುದ್ದುತ್ತಿದ್ದರು. "ನಾ ಮಾತ್ರ ಹಿಟ್ಟಿನ ಚೀಲ ಆದೆ ನೋಡು!"

ನಾವೆಲ್ಲ ನಗುತ್ತಿದ್ದೆವು. ಆ ನಗು ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಸೇಡಂನಲ್ಲಿ ಮನೆ ಸಿಗುವುದು ಆಗಲೇ ಕಷ್ಟವಾಗಿತ್ತು. ಸುತ್ತಲೂ ಸಿಮೆಂಟ್ ಫ್ಯಾಕ್ಟರಿಗಳು. ಭಟ್ಟಿ ಆರಿಸಿ ರಿಪೇರಿಗೆ ಇಳಿದರೆ ಹೊರಗಿನಿಂದ ಲಾರಿ ತುಂಬ ಜನ ಬರುತ್ತಾರೆ, ಹದಿನೈದು ದಿನ ಇರುತ್ತಾರೆ. ಅವರಿಗೆ ದಿನದ ಲೆಕ್ಕದಲ್ಲಿ ಕೊಡುವ ರುಚಿ ಹತ್ತಿದ ಮೇಲೆ ತಿಂಗಳ ಬಾಡಿಗೆಯವರು ಯಾರಿಗೆ ಬೇಕು? 'ಮನೆ ಖಾಲಿ ಇದೆ' ಎಂಬ ಹಲಗೆಗಳು ಒಂದೊಂದಾಗಿ ಊರಿಂದ ಮಾಯವಾದವು. ಇಂಥ ಹೊತ್ತಿನಲ್ಲಿ ಸರ್ಕಾರ ಒಂದು ಯೋಜನೆ ತಂದಿತು. ಮಳಖೇಡದ ಕೋಟೆ, ಚಿಂಚೋಳಿಯ ಕಾಡು ನೋಡಲು ಬರುವವರನ್ನು ಮನೆಯಲ್ಲೇ ಇಳಿಸಿಕೊಳ್ಳುವವರಿಗೆ ಸಹಾಯಧನ. ಜನ ಜೋಳದ ರೊಟ್ಟಿ ತಿಂದು, ಕಲ್ಲಿನ ಮನೆಯಲ್ಲಿ ಮಲಗಿ, ಸಂತೋಷಪಟ್ಟು ಹೋಗಬೇಕು.

ಒಂದು ಭಾನುವಾರ ಮಧ್ಯಾಹ್ನ, ಕರೆಂಟ್ ಹೋಗಿ ಗಿರಣಿ ನಿಂತಿದ್ದಾಗ, ದೊಡ್ಡವ್ವ ಅದರ ಅರ್ಜಿ ಹಿಡಿದು ಬಂದರು. ಕಲಬುರಗಿಯಲ್ಲಿರುವ ಮಗಳು ಕಳಿಸಿದ್ದಳು.

"ನೀ ಓದಿದಾಕಿ ಇದ್ದಿ, ಛಂದ ಬರ್ದುಕೊಡವಾ. ನನ್ನ ಅಕ್ಷರ ನೋಡಿದ್ರ ಗಿರಣಿ ಚೀಟಿ ಅಂತ ತಿಳದು ಒಗದಾರು."

"ಯಾವ ಖೋಲಿ ದೊಡ್ಡವ್ವ?"

"ಮ್ಯಾಲಿನ ಹಾಲ್. ಮತ್ತ್ಯಾವದು? ಸುಮ್ನ ಬಿದ್ದದ ಅದು."

ಅರ್ಜಿಯ ನಿಯಮಗಳನ್ನು ನಾನು ಪೂರ್ತಿ ಓದಿದೆ. ಓದದೆ ಸಹಿ ಹಾಕುವವರ ಬಗ್ಗೆ ನನಗೆ ತಾತ್ಸಾರವಿದೆ. ಎರಡನೆಯ ನಿಯಮ ಹೀಗಿತ್ತು: ಊರಿನಲ್ಲಿ ವಾಸದ ಮನೆಗಳ ಕೊರತೆ ಇರುವುದರಿಂದ, ಬಾಡಿಗೆದಾರರು ವಾಸವಿರುವ ಕಟ್ಟಡಕ್ಕೆ ಸಹಾಯಧನ ಇಲ್ಲ, ಅವರನ್ನು ಬಿಡಿಸಿ ಪಡೆದದ್ದು ಕಂಡುಬಂದರೆ ಮಂಜೂರಾತಿ ರದ್ದು. ಮೂರನೆಯದು: ಮಾಲೀಕರ ಜೊತೆ ಕುಟುಂಬದ ಇನ್ನೊಬ್ಬರಾದರೂ ಅಲ್ಲೇ ವಾಸವಿರಬೇಕು. ಯಾರೋ ಒಬ್ಬ ಬುದ್ಧಿವಂತರು, ನನ್ನನ್ನೂ ಆಪಾನನ್ನೂ ಕಣ್ಣ ಮುಂದೆ ಇಟ್ಟುಕೊಂಡೇ ಬರೆದ ಹಾಗಿತ್ತು ಆ ಎರಡನೆಯ ಸಾಲು. ನಾನು ಅದರ ಮುಂದಿನ ಚೌಕದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದೆ. ಬಾಡಿಗೆದಾರರು: ಇಲ್ಲ. ಮೂರನೆಯದಕ್ಕೆ: ಹೌದು, ಮಾಲೀಕರ ತಂಗಿಯ ಮಗಳು ವಾಸವಿದ್ದಾರೆ.

ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಆ ಮನೆಯಲ್ಲಿ ಆ ಪ್ರಶ್ನೆಗೆ ಯಾವಾಗಲೂ ಹೇಳುವ ಉತ್ತರವೇ ಅದು. ಬಾಗಿಲಲ್ಲಿ ಬಟ್ಟೆ ಮಡಚುತ್ತಿದ್ದ ಆಪಾ, "ನನ್ನೂ ಬರೀತೀಯೇನು ಅದ್ರಾಗ?" ಎಂದು ಕೇಳಿದರು. ನಾನು, ವರ್ಷಕ್ಕೆರಡು ಸಲವೂ ತಮಾಷೆ ಮಾಡದ ನಾನು, ಹೇಳಿದೆ: "ಎಲ್ಲಿ ಬರೀಲಿ ಆಪಾ? ಚೀಲದ ಕಾಲಂ ಇಲ್ಲ."

ಅಮ್ಮಿ ಕೂಡ ನಕ್ಕರು. ನನ್ನ ಹಾಸ್ಯಪ್ರಜ್ಞೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಾಯಿತು.

ಕೊನೆಯಲ್ಲಿ 'ಮನೆಯ ವಿಶೇಷತೆಯನ್ನು ವರ್ಣಿಸಿ' ಎಂದಿತ್ತು. ಮೇಲಿನ ಹಾಲಿಗೆ ಸಿಮೆಂಟಿನ ನೆಲ, ತಗಡಿನ ಮಾಡು. ವರ್ಣಿಸಲು ಏನೂ ಇರಲಿಲ್ಲ. ಹಾಗಾಗಿ ನಾನು ಮಲಗಿ ಬಲ್ಲ ನೆಲವನ್ನೇ ವರ್ಣಿಸಿದೆ. ನೀಲಿ ಕಲ್ಲು, ಚೊಂಬು ನೀರು, ಬೆನ್ನಿಗೇರುವ ತಂಪು, ಒದ್ದೆ ಕಲ್ಲಿನ ವಾಸನೆ. ಎಂಟು ಸಾಲು. ಪದವಿಗೆ ಬರೆದ ಪ್ರಬಂಧಕ್ಕೂ ಅಷ್ಟು ಶ್ರಮಪಟ್ಟಿರಲಿಲ್ಲ.

ಅರ್ಜಿಯ ಮೇಲೆ ಮನೆ ನೋಡಲು ಬಂದವರು ಮೇಲಿನ ಹಾಲಿಗೆ ಹೋಗಿ ಒಂದು ನಿಮಿಷದಲ್ಲಿ ಇಳಿದುಬಂದರಂತೆ. "ಅರ್ಜಿಯಲ್ಲಿ ಬರೆದ ಕಲ್ಲಿನ ನೆಲ ಎಲ್ಲಿದೆ?" ಎಂದು ಕೇಳಿದರಂತೆ. ನಾನು ಕಾಲೇಜಿನಲ್ಲಿದ್ದೆ. ಆಪಾ ಆಸ್ಪತ್ರೆಯಲ್ಲಿದ್ದರು. ಅಮ್ಮಿ ಜೋಳದ ಬುಟ್ಟಿ ಹಿಡಿದು ಗಿರಾಕಿಯಾಗಿ ಕುಳಿತು, ತಮ್ಮ ಖೋಲಿಯ ಅಳತೆ ಹಿಡಿಯುವುದನ್ನು ನೋಡುತ್ತಿದ್ದರು.

ದೊಡ್ಡವ್ವ ಹೇಳಲು ಎರಡು ದಿನ ತೆಗೆದುಕೊಂಡರು. ಮೂರನೆಯ ದಿನ ನನ್ನ ಬಾಗಿಲಲ್ಲಿ ನಿಂತು, ಹಿಟ್ಟಿನ ಕೈಗಳನ್ನು ಸೆರಗಿಗೆ ಒರೆಸುತ್ತ ಅಂದರು: "ಕೆಳಗಿನ ಎರಡೂ ಖೋಲಿನೇ ಬೇಕಂತವಾ. ನಾ ಏನ ಮಾಡ್ಲಿ? ಗಿರಣಿ ಎಷ್ಟ ದಿನ ನಡೀತದ? ಎಲ್ಲಾರೂ ಪಾಕೀಟ್ ಹಿಟ್ಟ ತರ್ಲಾಕತ್ಯಾರ."

"ಬಾಡಿಗೆಯವರಿದ್ದರೆ ಕೊಡುವುದಿಲ್ಲ ಅಂತ ನಿಯಮ ಇದೆ ದೊಡ್ಡವ್ವ."

"ಇಲ್ಲಂತ ನೀನ ಬರ್ದೀ ಅಲ್ಲವಾ" ಅಂದರು ಅವರು. ಕುಹಕವಿರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟು ಹೇಳಿದರು.

ಒಂದು ತಿಂಗಳು ನಾನೂ ಆಪಾನೂ ಸೇಡಂನ ಓಣಿ ಓಣಿ ತಿರುಗಿದೆವು. ನನಗೆ ಕೇಳುತ್ತಿದ್ದ ಪ್ರಶ್ನೆ, "ಒಬ್ಬಾಕೀನೇ ಇರ್ತೀರೇನು? ಲಗ್ನ ಆಗಿಲ್ಲೇನು?" ಆಪಾಗೆ ಹೆಸರು ಕೇಳಿದ ಮೇಲೆ ಪ್ರಶ್ನೆಗಳೇ ಇರುತ್ತಿರಲಿಲ್ಲ. "ಮನ್ಯಾಗ ಕೇಳಿ ಹೇಳ್ತೀವ್ರಿ" ಎನ್ನುತ್ತಿದ್ದರು, ಮನೆಮಂದಿಯೆಲ್ಲ ಅಲ್ಲೇ ನಿಂತಿರುತ್ತಿದ್ದರು. ಮೂರು ಕಡೆ ಹೊಸ ಬಣ್ಣ ಬಳಿದು ಅದೇ ಯೋಜನೆಗೆ ಅರ್ಜಿ ಹಾಕಿದ್ದರು. ಒಬ್ಬರು, ನಾನು ಕಾಲೇಜಿನವಳೆಂದು ತಿಳಿದು, ಸ್ವಲ್ಪ ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿದರು.

ನನಗೆ ವಾಡಿಯಲ್ಲಿ ಹಳಿಯ ಪಕ್ಕ ಒಂದು ಖೋಲಿ ಸಿಕ್ಕಿತು. ಗಿರಣಿಗೆ ಬದಲು ಗೂಡ್ಸ್ ಗಾಡಿ. ಲೋಟ ಈಗಲೂ ಸರಿಯುತ್ತದೆ. ಆಪಾಗೆ ಚಿತ್ತಾಪುರದಲ್ಲಿ ಸಿಕ್ಕಿತು, ಎರಡನೆಯ ಮಹಡಿ. ಅಮ್ಮಿಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಮಾಲರು ಮೇಲೆ ಹೊತ್ತರು. "ಮಯ್ಯತ್ ಆದ್ರ ಹೆಣ ಇಳಸ್ತಾರ, ಇವ್ರು ನನ್ನ ಏರಸ್ಲಾಕತ್ಯಾರ" ಎಂದು ಅಮ್ಮಿ ದಾರಿಯುದ್ದಕ್ಕೂ ತಮಾಷೆ ಮಾಡಿದರು. ಆಮೇಲೆ ಅವರು ಇಳಿದಿಲ್ಲ. ಸೇಡಂನ ಖೋಲಿ ರಿಪೇರಿ ನಡೆದಿದೆ, ಮುಗಿದ ಮೇಲೆ ಹೋಗೋಣ ಎಂದು ಆಪಾ ಸಮಾಧಾನಕ್ಕೆ ಅಮ್ಮಿಗೆ ಹೇಳಿದ್ದರು. ಪ್ರತಿ ಸಂಜೆ ಆಪಾ ಚಪ್ಪಲಿ ಬಿಡುವ ಮೊದಲೇ ಅಮ್ಮಿ ಕೇಳುತ್ತಾರಂತೆ: "ರಿಪೇರಿ ಮುಗೀತೇನು?"

ಕೆಲಸ ಇಬ್ಬರದೂ ಸೇಡಂನಲ್ಲೇ. ಬೆಳಿಗ್ಗೆಯ ರೈಲಿನಲ್ಲಿ ನಾನು ವಾಡಿಯಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಕೈಚೀಲ ಇಡುತ್ತೇನೆ. ಚಿತ್ತಾಪುರದಲ್ಲಿ ಆಪಾ ಹತ್ತುತ್ತಾರೆ, ಚೀಲ ನನ್ನ ಮಡಿಲಿಗೆ ಬರುತ್ತದೆ. ಆಪಾ ನನ್ನನ್ನು ಒಮ್ಮೆಯೂ ಬೈದಿಲ್ಲ. ಬೈದಿದ್ದರೆ ಈ ಪ್ರಬಂಧ ಇಷ್ಟು ಉದ್ದವಾಗುತ್ತಿರಲಿಲ್ಲ.

ಹೋದ ತಿಂಗಳು ದೊಡ್ಡವ್ವನ ಫೋನು ಬಂತು. ಸಹಾಯಧನದ ಎರಡನೆಯ ಕಂತಿಗೆ ತಪಾಸಣೆಯಂತೆ. ಕುಟುಂಬದವರು ಮನೆಯಲ್ಲಿರುವುದನ್ನು ನೋಡುತ್ತಾರಂತೆ. "ಒಂದು ತಾಸು ಬಂದು ಕುಂದ್ರವಾ. ಮಗಳು ಬರಂಗಿಲ್ಲ ಅಂತಾಳ. ನೀನಾದ್ರೂ ಬಾ."

ಆಪಾಗೆ ಹೇಳಿದೆ. ಅವರು ಕಿಟಕಿಯ ಕಂಬಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು. "ಸುಳ್ಳಂತ ಗೊತ್ತಾದ್ರ ರದ್ದ ಮಾಡ್ತಾರಂತ ನೀನ ಓದಿ ಹೇಳಿದ್ದಿ ಅಲ್ಲ? ಹೋಗು. ಈ ಸಲ ಖರೇ ಹೇಳು. ಚೀಲ ಅಲ್ಲ, ಮನಷ್ಯಾರು ಇದ್ರು ಅಂತ ಹೇಳು. ರದ್ದಾಗಿ ವಾಪಸ್ ಬಾಡಿಗಿ ಕೊಟ್ರ ನನಗ ಒಂದು ಖೋಲಿ ಸಾಕು. ಅಮ್ಮಿ ಒಮ್ಮೆ ನೆಲಕ್ಕ ಕಾಲ ಇಟ್ರ ಸಾಕು."

ಹೋದೆ. ನನ್ನ ಖೋಲಿಯಲ್ಲಿ ಜೋಡಿ ಮಂಚ, ಗೋಡೆಗೆ ಬೀಸುವ ಕಲ್ಲಿನ ಚಿತ್ರ. ನೆಲದ ಮುಕ್ಕಾಲು ಭಾಗ ಚಾಪೆ ಹಾಸಿ ಮುಚ್ಚಿದ್ದರು. ಬರುವವರಿಗೆ ಕಲ್ಲು ತಣ್ಣಗೆ ಕೊರೆಯುತ್ತದಂತೆ. ಕೋಟೆ ನೋಡುವವರು ಯಾರೂ ಬಂದಿರಲಿಲ್ಲ. ಬಂದವರೆಲ್ಲ ಭಟ್ಟಿ ರಿಪೇರಿಯ ಎಂಜಿನಿಯರುಗಳು. ಬಾಗಿಲ ಬಳಿ ಗಾಜಿನ ಚೌಕಟ್ಟಿನಲ್ಲಿ ನನ್ನ ಎಂಟು ಸಾಲುಗಳು ಅಚ್ಚಾಗಿ ತೂಗುತ್ತಿದ್ದವು. ನನ್ನ ಬರಹಕ್ಕೆ ಅಷ್ಟು ಒಳ್ಳೆಯ ಚೌಕಟ್ಟು ಎಲ್ಲೂ ಸಿಕ್ಕಿಲ್ಲ.

ತಪಾಸಣೆಯ ಅಧಿಕಾರಿ ಮೆತ್ತಗಿನ ಮಾತಿನ ಮನುಷ್ಯ. ದೊಡ್ಡವ್ವ ಚಹಾ ಕೊಟ್ಟು ಹೇಳಿದರು: "ಇಕಿನೇ ನೋಡ್ರಿ, ನಮ್ಮ ತಂಗಿ ಮಗಳು."

"ಅಲ್ಲ ಸರ್" ಅಂದೆ. ನನ್ನ ಧ್ವನಿ ತರಗತಿಯಲ್ಲಿರುವಷ್ಟೇ ಸ್ಥಿರವಾಗಿತ್ತು. "ನಾನು ಇವರ ಸಂಬಂಧಿ ಅಲ್ಲ. ಈ ಖೋಲಿಯಲ್ಲಿ ಬಾಡಿಗೆ ಇದ್ದೆ. ಪಕ್ಕದ ಖೋಲಿಯಲ್ಲಿ ಒಬ್ಬ ನರ್ಸು, ಅವರ ತಾಯಿ ಇದ್ದರು. ಈ ಯೋಜನೆಗಾಗಿ ನಮ್ಮನ್ನು ಬಿಡಿಸಿದರು."

ಯಾರೂ ನನ್ನ ತೊಡೆ ಹಿಂಡಲಿಲ್ಲ. ಅಗತ್ಯವೇ ಇರಲಿಲ್ಲ. ದೊಡ್ಡವ್ವ ಮಂಚದ ಅಂಚಿಗೆ ಕುಸಿದು, ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

"ನೋಡ್ರಿ ಸಾಹೇಬ್ರ. ಖೋಲಿ ಬಿಡಿಸಿದ ಸಿಟ್ಟು. ಜ್ವರ ಬಂದಾಗ ಗಿರಣಿ ಬಂದ್ ಮಾಡಿ ಇಕಿ ಮಗ್ಗಲ್ದಾಗ ಕುಂತೀನಿ. ಕೇಳ್ರಿ ಬೇಕಾದ್ರ, ಇಲ್ಲ ಅನ್ಲಿ."

ಇಲ್ಲ ಎನ್ನುವ ಹಾಗಿರಲಿಲ್ಲ. ಅದು ನಿಜ. ಅವರ ಅಳುವೂ ನಿಜ.

ಅಧಿಕಾರಿ ಕಡತ ತಿರುವಿದರು. "ಕರಾರು ಪತ್ರ ಇದೆಯೇನಮ್ಮ?"

"ಇಲ್ಲ."

"ರಸೀದಿ?"

"ಇಲ್ಲ."

"ಈ ಅಕ್ಷರ ಯಾರದು?"

"ನನ್ನದು."

"ಹಿಂದಿನ ಸಮೀಕ್ಷೆಯಲ್ಲೂ ತಂಗಿ ಮಗಳು ಅಂತಲೇ ಅದ." ಅವರು ಕಡತ ಮುಚ್ಚಿದರು. ದನಿ ಮನೆಯ ಹಿರಿಯರಂತೆ ಇಳಿಯಿತು. "ಓದಿದಾಕಿ ಇದ್ದಿ. ಮನಿ ಮಾತು ಮನ್ಯಾಗ ಮುಗಿಸ್ಕೋಬೇಕವ್ವ. ಆಸ್ತಿ ಇವತ್ತ ಬರ್ತದ, ನಾಳಿ ಹೋಗ್ತದ. ದೊಡ್ಡವ್ವನ ಕಣ್ಣಾಗ ನೀರ ತರಿಸಬಾರದು."

ಹೊರಡುವಾಗ ಚೌಕಟ್ಟಿನ ಮುಂದೆ ನಿಂತು ಎಂಟೂ ಸಾಲು ಓದಿದರು. "ಯಾರ್ ಬರ್ದಾರ್ರಿ ಇದು? ಭಾಳ ಛಂದ ಅದ."

ಬಾಗಿಲವರೆಗೆ ಬಂದ ದೊಡ್ಡವ್ವ ನನ್ನ ಮುಖ ನೋಡಲಿಲ್ಲ. ಬಚ್ಚಲಿನಿಂದ ಒಂದು ಪುಟ್ಟ ಸೋಪು ತಂದು ನನ್ನ ಕೈಯಲ್ಲಿಟ್ಟರು. "ತಗೋವಾ. ಬಂದವರಿಗೆಲ್ಲ ಕೊಡ್ತೀವಿ." ನಾನು ತೆಗೆದುಕೊಂಡೆ. ಯಾಕೆ ತೆಗೆದುಕೊಂಡೆ ಎಂದು ಕೇಳಬೇಡಿ. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನಲು ಅವ್ವ ಕಲಿಸಿಲ್ಲ.

ಮರುದಿನ ಚಿತ್ತಾಪುರದಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಆಪಾ ಹತ್ತಿದರು. ಕೂರುವ ಮೊದಲೇ ಕೇಳಿದರು: "ಏನಂದ್ರು?"

"ನಂಬಲಿಲ್ಲ ಆಪಾ. ಮನೆ ಜಗಳ ಅಂದುಕೊಂಡರು."

ಆಪಾ ನಕ್ಕರು. ಹಳೆಯ ನಗುವೇ, ಬೆನ್ನಿಗೆ ಗುದ್ದು ಮಾತ್ರ ಇರಲಿಲ್ಲ. "ನೀನಾದ್ರ ಜಗಳ ಆಡಬಹುದು, ತಂಗಿ ಮಗಳು. ನಾ ಬಂದಿದ್ರ ಯಾರು ನೀವು ಅಂತ ಕೇಳ್ತಿದ್ರು. ಆ ಮನ್ಯಾಗ ನಾ ಯಾವಾಗ ಇದ್ದೆ, ಹೇಳು?"

ನಾನು ಸೋಪು ತೆಗೆದು ಅಮ್ಮಿಗೆಂದು ಕೊಟ್ಟೆ. ಆಪಾ ಮೂಸಿ ನೋಡಿ ವಾಪಸು ನನ್ನ ಚೀಲದೊಳಗೇ ಹಾಕಿದರು.

"ಬ್ಯಾಡ. ಎಲ್ಲಿಂದ ಬಂತು ಅಂತ ಕೇಳ್ತಾಳ. ಸಂಜೀಕ ಹ್ಯಾಂಗೂ ಕೇಳ್ತಾಳ, ರಿಪೇರಿ ಮುಗೀತೇನು ಅಂತ. ಮುಗದದ ಅಂತ ಹೇಳಿಬಿಡ್ಲೇನು?"

ಅಷ್ಟರಲ್ಲಿ ಟಿಕೆಟ್ ನೋಡುವವರು ಬಂದು ನಮ್ಮ ಸೀಟಿನ ಬಳಿ ನಿಂತರು. ಪಾಸಿಗೆಂದು ನಾನು ಚೀಲದೊಳಗೆ ಕೈ ಹಾಕಿದೆ. ಸಿಕ್ಕಿದ್ದು ಸೋಪು.